ಬೂದಿಯ ಗೆರೆ, ಕಲ್ಲಿನ ಗೆರೆ

ಆ ಸೀಮೆಯಲ್ಲಿ ಇಪ್ಪತ್ತು ಊರುಗಳಿದ್ದವು. ಪ್ರತಿ ಊರಿಗೂ ಒಂದು ಬಯಲು, ಪ್ರತಿ ಬಯಲಿಗೂ ಹನ್ನೊಂದು ಆಟಗಾರರು. ಸುಗ್ಗಿ ಮುಗಿದ ಮರುದಿನದಿಂದ ಮೊದಲ ಮಳೆ ಬೀಳುವವರೆಗೆ ಅಲ್ಲಿ ಕಾಲ್ಚೆಂಡಾಟ ಬಿಟ್ಟರೆ ಬೇರೆ ಮಾತಿರಲಿಲ್ಲ. ಹತ್ತು ಊರು ಮೇಲಿನ ಸಾಲಿನಲ್ಲಿ, ಹತ್ತು ಊರು ಕೆಳಗಿನ ಸಾಲಿನಲ್ಲಿ. ವರ್ಷದ ಕೊನೆಗೆ ಮೇಲಿನ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ಊರು ಕೆಳಗಿಳಿಯಬೇಕು, ಕೆಳಗಿನ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಗೆದ್ದ ಊರು ಮೇಲೇರಬೇಕು. ಐವತ್ತೇ ಮನೆಯ ಊರಾದರೂ ಸರಿ, ಗೆದ್ದು ಬಂದರೆ ಅದಕ್ಕೆ ಜಾಗ ಬಿಡಬೇಕು.

ಇಷ್ಟೇ ಆಗಿದ್ದರೆ ಅದೂ ಉಳಿದ ಸೀಮೆಗಳ ಹಾಗೆಯೇ ಇರುತ್ತಿತ್ತು. ಆದರೆ ಅಲ್ಲಿ ಇನ್ನೊಂದು ಕಟ್ಟಳೆಯಿತ್ತು. ಆಟ ನೋಡಲು ಬರುವವರು ತಮ್ಮ ಮನೆಯ ಒಲೆಯಿಂದ ಒಂದು ಹಿಡಿ ಬೂದಿ ತರಬೇಕು. ಆ ಬೂದಿಯಿಂದಲೇ ಬಯಲಿನ ಗೆರೆಗಳನ್ನು ಎಳೆಯಬೇಕು. ಎರಡೂ ಊರಿನ ಬೂದಿ ಬೆರೆಯದೆ ಎಳೆದ ಗೆರೆ ಗೆರೆಯಲ್ಲ, ಅದರೊಳಗೆ ಹೊಡೆದ ಗೋಲು ಗೋಲಲ್ಲ. ಆಟ ಮುಗಿದು ಜನ ಎದ್ದು ಹೊರಟ ಕೂಡಲೇ ಗೆರೆಗಳು ತಾವಾಗಿ ಮಾಯವಾಗುತ್ತಿದ್ದವು. ಮುಂದಿನ ಆಟಕ್ಕೆ ಮತ್ತೆ ಜನ ಬರಬೇಕು, ಮತ್ತೆ ಬೂದಿ ತರಬೇಕು.

ಗಡಿಯಾರದೂರಿನಲ್ಲಿ ಈ ಗೆರೆ ಎಳೆಯುವ ಕೆಲಸ ಒಬ್ಬ ಹೆಂಗಸಿನದು. ಅವಳನ್ನು ಎಲ್ಲರೂ ಗೆರೆಯವಳು ಎಂದೇ ಕರೆಯುತ್ತಿದ್ದರು. ಅವಳ ತಾಯಿಯೂ ಗೆರೆಯವಳೇ, ತಾಯಿಯ ತಾಯಿಯೂ ಗೆರೆಯವಳೇ. ಬಯಲಿನ ಗೋಡೆಗೆ ಒತ್ತಿಕೊಂಡ ಒಂದು ಕೋಣೆಯ ಮನೆಯಲ್ಲಿ ಅವಳ ವಾಸ. ಆಟದ ದಿನ ಮಧ್ಯಾಹ್ನ ಅವಳು ಬಯಲಿನ ಬಾಗಿಲ ಬಳಿ ಎರಡು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಒಂದರಲ್ಲಿ ತನ್ನೂರಿನ ಬೂದಿ, ಇನ್ನೊಂದರಲ್ಲಿ ಬಂದ ಊರಿನ ಬೂದಿ. ಹಿಡಿ ಹಿಡಿಯಾಗಿ ಬಿದ್ದ ಬೂದಿ ಬುಟ್ಟಿಯ ಅಂಚು ಮುಟ್ಟಿದ ಮೇಲೆ ಎರಡನ್ನೂ ಒಂದೇ ಮೊರಕ್ಕೆ ಸುರಿದು, ಬೆರಳಾಡಿಸಿ ಬೆರೆಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಗೆರೆ ಎಳೆಯುತ್ತಿದ್ದಳು. ಎಳೆಯುವಾಗ ಬಾಯಲ್ಲಿ ಮನೆಗಳ ಹೆಸರು. ಕಮ್ಮಾರನ ಮನೆಯ ಬೂದಿ, ರೊಟ್ಟಿಯವನ ಮನೆಯ ಬೂದಿ, ಬಾಣಂತಿಯ ಮನೆಯ ಬೂದಿ, ಮೊನ್ನೆ ಗಂಡ ಸತ್ತವಳ ಮನೆಯ ಬೂದಿ. ಎದುರಾಳಿ ಊರಿನ ಮನೆಗಳ ಹೆಸರು ಗೊತ್ತಿಲ್ಲದಿದ್ದರೆ ಬಾಗಿಲಲ್ಲೇ ಕೇಳಿಕೊಳ್ಳುತ್ತಿದ್ದಳು. ಹೆಸರು ಹೇಳದೆ ಎಳೆದರೆ ಕೈ ನಡುಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಗಡಿಯಾರದೂರು ದೊಡ್ಡ ಊರು. ಅಲ್ಲಿನ ಒಡೆಯ ಬೇರೆ ಊರುಗಳಿಂದ ಒಳ್ಳೊಳ್ಳೆಯ ಆಟಗಾರರನ್ನು ಕರೆತಂದಿದ್ದ. ಬಯಲಿನ ಸುತ್ತ ಗೋಡೆ ಕಟ್ಟಿಸಿದವನೂ ಅವನೇ, ಬಿಸಿಲು ಮಳೆ ತಾಗದ ಹಾಗೆ ಚಾವಣಿ ಹಾಕಿಸಿದವನೂ ಅವನೇ. ಜನ ಅವನಿಗೆ ಕೈ ಮುಗಿಯುತ್ತಿದ್ದರು. ಗೆರೆಯವಳೂ ಮುಗಿಯುತ್ತಿದ್ದಳು.

ಒಂದು ಬೆಳಿಗ್ಗೆ ಒಡೆಯ ಅವಳನ್ನು ಮನೆಗೆ ಕರೆಸಿದ. ದೊಡ್ಡ ಪಡಸಾಲೆ, ಹೊಳೆಯುವ ನೆಲ. ಬೂದಿ ಮೆತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಬಾಗಿಲಲ್ಲೇ ನಿಂತಳು.

"ಒಳಗೆ ಬಾ," ಎಂದ ಒಡೆಯ. "ಒಂದು ಸಂತೋಷದ ಸುದ್ದಿ ಇದೆ. ನಿನಗೇ ಮೊದಲು ಹೇಳ್ತಿದ್ದೀನಿ. ನಮ್ಮೂರು ಇನ್ನು ಯಾವತ್ತೂ ಕೆಳಗಿಳಿಯೋದಿಲ್ಲ."

"ಅಂಥ ಆಟಗಾರರು ಸಿಕ್ಕಿದರಾ ಒಡೆಯರೇ?"

ಒಡೆಯ ನಕ್ಕ. "ಆಟಗಾರರ ಮಾತಲ್ಲ. ಆರು ದೊಡ್ಡ ಊರಿನ ಒಡೆಯರು ಸೇರಿ ಮಾತಾಡಿದ್ದೀವಿ. ಬೋಳುಗುಡ್ಡದ ಮೇಲೆ ಹೊಸ ಬಯಲು ಮಾಡಿದ್ದೀವಿ. ಇನ್ನು ಮುಂದೆ ನಾವು ಆರು ಜನ ನಮ್ಮನಮ್ಮಲ್ಲೇ ಆಡ್ತೀವಿ. ಇಳಿಯೋದೂ ಇಲ್ಲ, ಏರೋದೂ ಇಲ್ಲ. ಸೋತರೂ ನಮ್ಮ ಜಾಗ ನಮ್ಮದೇ."

"ಉಳಿದ ಹದಿನಾಲ್ಕು ಊರು?"

"ಅವರು ಅವರ ಪಾಡಿಗೆ ಆಡಿಕೊಳ್ತಾರೆ. ಬೇಡ ಅಂದವರು ಯಾರು?"

ಗೆರೆಯವಳಿಗೆ ಮಾತು ಪೂರ್ತಿ ಹೊಳೆಯಲಿಲ್ಲ. ಅವಳಿಗೆ ತಿಳಿದ ಒಂದೇ ಪ್ರಶ್ನೆ ಕೇಳಿದಳು. "ಗುಡ್ಡಕ್ಕೆ ಜನ ಹೇಗೆ ಬರ್ತಾರೆ? ಬೂದಿ ಯಾರು ತರ್ತಾರೆ?"

"ಜನ ಬರಬೇಕಾಗಿಲ್ಲ. ಬಯಲಿನ ಸುತ್ತ ಕನ್ನಡಿ ನಿಲ್ಲಿಸಿದ್ದೀವಿ. ಏಳು ಸಮುದ್ರದ ಆಚೆ ಇರೋರಿಗೂ ಆಟ ಕಾಣಿಸುತ್ತೆ. ಗೆರೆಯನ್ನ ಅಮೃತಶಿಲೆಯಲ್ಲಿ ಕೂರಿಸಿದ್ದೀವಿ. ಗಾಳಿಗೆ ಹಾರಲ್ಲ, ಮಳೆಗೆ ಕರಗಲ್ಲ. ನೀನು ಬೆನ್ನು ಬಗ್ಗಿಸೋ ಕಷ್ಟ ತಪ್ಪಿತು."

"ಹಾಗಾದರೆ ನನ್ನನ್ನ ಕರೆದದ್ದು?"

ಒಡೆಯ ಬೆಳ್ಳಿಯ ಬುಟ್ಟಿಯೊಂದನ್ನು ತರಿಸಿ ಮೇಜಿನ ಮೇಲಿಟ್ಟ. ಅಂಗೈಯಗಲದ ಬುಟ್ಟಿ. "ದೂರದೇಶದವರಿಗೆ ಇಂಥವೆಲ್ಲ ನೋಡೋಕೆ ಬಲು ಇಷ್ಟ. ಆಟ ಶುರುವಾಗೋ ಮುಂಚೆ ನೀನು ಈ ಬುಟ್ಟಿ ಹಿಡಿದು ಆ ಗೆರೆಯ ಮೇಲೆ ಹಿಂದೆ ಹಿಂದೆ ನಡೀಬೇಕು. ಬಾಯಲ್ಲಿ ಏನೋ ಹೇಳ್ತೀಯಲ್ಲ, ಅದನ್ನೂ ಹೇಳು. ಬುಟ್ಟೀಲಿ ಏನೂ ಇರಬೇಕಾಗಿಲ್ಲ."

ಗೆರೆಯವಳು ಬುಟ್ಟಿಯನ್ನು ನೋಡಿದಳು. ಅದರ ತಳದಲ್ಲಿ ಅವಳ ಮುಖವೇ ಕಾಣುತ್ತಿತ್ತು. ತಾಯಿ ಸಾಯುವ ಹಿಂದಿನ ವಾರವೂ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಗೆರೆ ಎಳೆದಿದ್ದಳು. ಆ ಬೆನ್ನು, ಆ ಮೊರ, ಆ ಹೆಸರುಗಳು, ಅವೆಲ್ಲ ಇವರ ಕಣ್ಣಿಗೆ ಒಂದು ಕುಣಿತವಾಗಿ ಕಂಡಿದ್ದವು ಎನ್ನುವುದು ಅವಳಿಗೆ ಆಗ ಗೊತ್ತಾಯಿತು.

"ಯಾರ ಮನೆ ಹೆಸರು ಹೇಳಲಿ?" ಎಂದಳು.

"ಯಾರದಾದರೂ ಹೇಳು. ಅವರಿಗೇನು ತಿಳಿಯುತ್ತೆ?"

"ನನಗೆ ತಿಳಿಯುತ್ತೆ," ಎಂದು ಹೇಳಿ ಅವಳು ಹಿಂತಿರುಗಿದಳು. ಬೆನ್ನ ಹಿಂದೆ ಒಡೆಯನ ಮಾತು ಕೇಳಿಸಿತು. "ಯೋಚನೆ ಮಾಡಿ ಹೇಳು. ನೀನಿರೋ ಕೋಣೆ ಬಯಲಿಗೆ ಸೇರಿದ್ದು, ಬಯಲು ನನಗೆ ಸೇರಿದ್ದು. ಐದನೇ ದಿನ ಬೆಳಿಗ್ಗೆ ಸಾರೋಟು ಹೊರಡುತ್ತೆ."

ಅವಳು ನೇರವಾಗಿ ರೊಟ್ಟಿಯವನ ಅಂಗಡಿಗೆ ಹೋದಳು. ಅಂಗಡಿ ಬಯಲಿನ ಬಾಗಿಲಿಗೆ ಎದುರಾಗಿತ್ತು. ಊರಿನ ಸುದ್ದಿಯೆಲ್ಲ ಅಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆಯುತ್ತಿತ್ತು. ಅವಳು ಹೇಳಿದ್ದನ್ನು ಕೇಳಿ ರೊಟ್ಟಿಯವನು ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದು ನಿಂತ.

"ಇಳಿಯೋದೇ ಇಲ್ಲ ಅಂದರೆ ಒಳ್ಳೇದೇ ಅಲ್ಲವಾ ಅಕ್ಕಾ?" ಎಂದ. "ನಾವು ಇಳಿದ ವರ್ಷ ನೆನಪಿದೆಯಾ? ನಾನು ಒಂದು ವಾರ ಅಂಗಡಿ ತೆಗೀಲಿಲ್ಲ."

"ನೆನಪಿದೆ. ಅದರ ಮುಂದಿನ ವರ್ಷವೂ ನೆನಪಿದೆ," ಎಂದಳು ಗೆರೆಯವಳು. "ಉಪ್ಪಿನೂರಿಗೆ ಆಡೋಕೆ ಹೋದಾಗ ಎಷ್ಟು ಜನ ಹೋಗಿದ್ದೆವು ಹೇಳು."

ರೊಟ್ಟಿಯವನು ಯೋಚಿಸಿದ. ಉಪ್ಪಿನೂರು ಸೀಮೆಯ ಕೊನೆಯ ಊರು. ಸಮುದ್ರದ ಅಂಚಿನಲ್ಲಿ ಉಪ್ಪು ಮಾಡುವ ಐವತ್ತು ಮನೆ. ಅಲ್ಲಿಗೆ ಹೋಗಲು ಎರಡು ದಿನ ನಡೆಯಬೇಕು. "ಇಡೀ ಊರೇ ಹೋಗಿತ್ತು," ಎಂದ. "ನಮ್ಮ ಅಜ್ಜಿಯನ್ನ ನಾನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿದ್ದೆ."

"ಗೆದ್ದೆವಾ?"

"ಇಲ್ಲ. ಅಲ್ಲೂ ಸೋತೆವು." ಅವನು ಹಿಟ್ಟಿನ ಪಾತ್ರೆಯತ್ತ ತಿರುಗಿದ. "ಎರಡು ವರ್ಷ ಬೇಕಾಯಿತು ಏರಿ ಬರೋಕೆ. ಏರಿದ ದಿನ ಅಜ್ಜಿ ಇರಲಿಲ್ಲ. ಅವಳ ಒಲೆಯಿಂದ ನಾನೇ ಬೂದಿ ತೆಗೆದು ತಂದಿದ್ದೆ." ಅವನು ಹಿಟ್ಟನ್ನು ಪಾತ್ರೆಯ ಅಂಚಿಗೆ ಒರೆಸಿದ. "ಯಾರನ್ನ ಕೇಳಿ ಇವನು ಇದನ್ನೆಲ್ಲ ತೆಗೆದು ಬಿಸಾಕ್ತಾನೆ? ನಮ್ಮನ್ನ ಒಂದು ಮಾತು ಕೇಳಿದನಾ?"

ಅದೇ ಮಾತು ಬೀದಿಗೆ ಹೋಯಿತು. ನಮ್ಮನ್ನ ಒಂದು ಮಾತು ಕೇಳಿದನಾ. ಬಾವಿಯ ಬಳಿ ಹೆಂಗಸರು ಅದನ್ನೇ ಹೇಳಿದರು. ಕುಲುಮೆಯಲ್ಲಿ ಕಮ್ಮಾರ ಒಂದೊಂದು ಏಟಿಗೂ ಅದನ್ನೇ ಹೇಳಿದ. ಮಾತು ಊರು ದಾಟಿ ಹೋಗುತ್ತಿದ್ದ ಹಾಗೆ ಉಳಿದ ಐದು ಊರುಗಳಿಂದಲೂ ಅದೇ ಮಾತು ಎದುರು ಬಂತು. ಅಲ್ಲಿನ ಒಡೆಯರೂ ಯಾರನ್ನೂ ಕೇಳಿರಲಿಲ್ಲ. ಕೆಲವರು ಒಡೆಯನ ಮನೆಗೆ ಹೋಗಿ ಕೇಳಿದರು. ಒಡೆಯರು ಊಟಕ್ಕೆ ಕೂತಿದ್ದಾರೆ ಎಂದು ಆಳು ಹೇಳಿದ. ಸಂಜೆ ಹೋದರು. ಇನ್ನೂ ಊಟಕ್ಕೆ ಕೂತಿದ್ದಾರೆ ಎಂದ. ಮಾರನೆಯ ದಿನವೂ ಒಡೆಯರು ಊಟಕ್ಕೇ ಕೂತಿದ್ದರು.

ಮೂರನೆಯ ದಿನ ಒಡೆಯ ಡಂಗುರ ಹೊಡೆಸಿದ. ಇದೆಲ್ಲ ಜನರ ಒಳ್ಳೆಯದಕ್ಕೇ, ಹಳೆಯ ಕಾಲದವರಿಗೆ ಹೊಸದು ಅರ್ಥವಾಗುವುದಿಲ್ಲ, ಮುಂದೆ ತಾವೇ ಬಂದು ಕೈ ಮುಗಿಯುತ್ತಾರೆ ಎಂದು ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ. ಸಾರುವಾಗ ಅವನು ತಲೆ ಎತ್ತಲಿಲ್ಲ. ನಾಲ್ಕನೆಯ ಬೀದಿಗೆ ಬಂದವನು ಡಂಗುರವನ್ನು ಕಟ್ಟೆಯ ಮೇಲಿಟ್ಟು, "ನನಗೂ ಇದು ಸರಿ ಕಾಣ್ತಿಲ್ಲ," ಎಂದು ಹೇಳಿ ಮನೆಗೆ ಹೋದ.

ಐದನೆಯ ದಿನ ಬೆಳಗಾಯಿತು. ಬಯಲಿನೊಳಗೆ ಆರು ಕುದುರೆಯ ಸಾರೋಟು ಸಿದ್ಧವಾಗಿ ನಿಂತಿತ್ತು. ಹನ್ನೊಂದು ಆಟಗಾರರು ಬಿಳಿಯ ಹೊಸ ಅಂಗಿ ತೊಟ್ಟು ಅದರಲ್ಲಿ ಕೂತಿದ್ದರು. ಗೆರೆಯವಳು ತನ್ನ ಕೋಣೆಯ ಸಾಮಾನನ್ನು ಗಂಟು ಕಟ್ಟಿ ಹೊಸ್ತಿಲ ಹೊರಗಿಟ್ಟಿದ್ದಳು. ಆಮೇಲೆ ತನ್ನ ಒಲೆಯ ಬೂದಿಯನ್ನೆಲ್ಲ ಕೆರೆದು ಮೊರಕ್ಕೆ ತುಂಬಿ, ಬಯಲಿನ ಬಾಗಿಲ ಬಳಿ ಹೋಗಿ, ದಾರಿಯ ನಡುವೆ ಸುರಿದು, ಅದರ ಪಕ್ಕ ಕೂತಳು. ಮುಂದೆ ಏನೆಂದು ಅವಳೂ ಯೋಚಿಸಿರಲಿಲ್ಲ. ಆ ಸಾರೋಟು ತನ್ನ ಮನೆಯ ಬೂದಿ ತುಳಿಯದೆ ಹೋಗಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು.

ರೊಟ್ಟಿಯವನು ಅಂಗಡಿಯಿಂದ ನೋಡಿದ. ಒಳಗೆ ಹೋಗಿ ದೊಡ್ಡ ಒಲೆಯ ಬೂದಿಯನ್ನು ಗೋಣಿಯಲ್ಲಿ ತುಂಬಿ ತಂದು ಅವಳ ಬೂದಿಯ ಮೇಲೆ ಸುರಿದ. ಕಮ್ಮಾರ ಬಂದ. ಬಾಣಂತಿ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದಳು. ಗಂಡ ಸತ್ತವಳು ಬಂದಳು. ತಂದರು, ಸುರಿದರು, ಪಕ್ಕಕ್ಕೆ ನಿಂತರು. ತಂದರು, ಸುರಿದರು, ಪಕ್ಕಕ್ಕೆ ನಿಂತರು. ಬಿಸಿಲೇರುವ ಹೊತ್ತಿಗೆ ಬೂದಿ ಮೊಣಕಾಲೆತ್ತರ ಆಗಿತ್ತು.

ಬೂದಿಯ ಸುದ್ದಿ ಆಗಲೇ ಊರು ದಾಟಿತ್ತು. ಬಂದರೂರಿನ ದಾರಿಯಿಂದ ಧೂಳೆದ್ದಿತು. ಬಂದರೂರು ಎಂದರೆ ಗಡಿಯಾರದೂರಿನವರು ಉಗುಳುತ್ತಿದ್ದರು. ಗಡಿಯಾರದೂರು ಎಂದರೆ ಬಂದರೂರಿನವರು ಉಗುಳುತ್ತಿದ್ದರು. ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ. ಬಂದರೂರಿನ ಒಡೆಯನೂ ಆರು ಜನರಲ್ಲಿ ಒಬ್ಬ. ಆ ಊರಿನ ಜನ ಈಗ ನೂರುಗಟ್ಟಲೆ ಬುಟ್ಟಿ ಹೊತ್ತು ಬರುತ್ತಿದ್ದರು. ಎಲ್ಲರ ಮುಂದೆ ಮೀನು ಮಾರುವವಳು. ಗಂಟಲು ದೊಡ್ಡದು, ಮೈ ದೊಡ್ಡದು. ಮೂವತ್ತು ವರ್ಷದಿಂದ ಪ್ರತಿ ಆಟಕ್ಕೂ ಬಂದು, ಬುಟ್ಟಿಗೆ ಬೂದಿ ಹಾಕುವಾಗಲೇ ಗೆರೆಯವಳನ್ನೂ ಅವಳ ಊರನ್ನೂ ಸೇರಿಸಿ ಬೈದು ಒಳಗೆ ಹೋಗುತ್ತಿದ್ದವಳು.

ಅವಳು ಗೆರೆಯವಳ ಮುಂದೆ ಬಂದು ನಿಂತಳು. ಮೀನಿನ ಬುಟ್ಟಿಯ ತುಂಬ ಬೂದಿ.

"ಏನೇ, ನಿಮ್ಮೂರು ಹಾಳಾಗಲಿ ಅಂತ ಮೂವತ್ತು ವರ್ಷದಿಂದ ಹೇಳ್ತಾ ಬಂದಿದ್ದೀನಿ," ಎಂದಳು. "ಈಗಲೂ ಹೇಳ್ತೀನಿ. ಆದರೆ ಹಾಳಾಗೋದಾದರೆ ನಮ್ಮ ಹುಡುಗರ ಕೈಲಿ ಸೋತು ಹಾಳಾಗಬೇಕು. ಆಮೇಲೆ ಕೆಳಗಿಳೀಬೇಕು. ಅದನ್ನ ನಾನು ಕಣ್ಣಾರೆ ನೋಡಬೇಕು. ನಿಮ್ಮ ಒಡೆಯ, ನಮ್ಮ ಒಡೆಯ ಸೇರಿಕೊಂಡು ನನಗೆ ಆ ಭಾಗ್ಯ ಇಲ್ಲ ಅಂತಾರಲ್ಲ, ಅವರಿಗೆ ಎಷ್ಟು ಕೊಬ್ಬು."

"ಅಲ್ಲಿ ಸುರಿ," ಎಂದಳು ಗೆರೆಯವಳು.

"ಎಲ್ಲಿ ಸುರೀಬೇಕು ಅಂತ ನೀನು ನನಗೆ ಹೇಳಬೇಡ," ಎಂದು ಹೇಳಿ ಮೀನು ಮಾರುವವಳು ಅಲ್ಲಿಯೇ ಸುರಿದಳು. ಸುರಿದು ಗೆರೆಯವಳ ಪಕ್ಕದಲ್ಲಿ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಬಾಗಿಲು ತೆರೆಯಿತು. ಸಾರೋಟು ಮುಂದೆ ಬಂತು. ಕುದುರೆಗಳು ಬೂದಿಯ ರಾಶಿ ಕಂಡು ನಿಂತವು. ಸಾರಥಿ ಚಾಟಿ ಎತ್ತಿದ. ಮೊದಲೆರಡು ಕುದುರೆ ಕಾಲಿಟ್ಟವು, ಗಾಲಿ ಅಚ್ಚಿನವರೆಗೆ ಹೂತುಹೋಯಿತು. ಬೂದಿ ಎದ್ದು ಎಲ್ಲರ ಮೇಲೆ ಬಿತ್ತು. ಬಿಳಿಯ ಹೊಸ ಅಂಗಿಗಳ ಮೇಲೆ ಬಿತ್ತು, ಬಂದರೂರಿನವರ ತಲೆಯ ಮೇಲೆ ಬಿತ್ತು, ಗಡಿಯಾರದೂರಿನವರ ತಲೆಯ ಮೇಲೆ ಬಿತ್ತು. ಯಾರು ಯಾವ ಊರಿನವರೆಂದು ಗುರುತು ಸಿಗದಂತಾಯಿತು.

ಸಾರೋಟಿನ ಹಿಂದೆ ಒಡೆಯ ಕುದುರೆಯ ಮೇಲಿದ್ದ. "ಏಳಿ," ಎಂದ. "ನಿಮಗೆ ಚಾವಣಿ ಹಾಕಿಸಿದವನು ನಾನು."

"ಚಾವಣಿ ಕೆಳಗೆ ಕೂತವರು ನಾವು," ಎಂದ ರೊಟ್ಟಿಯವನು. "ನಾವಿಲ್ಲದಿದ್ದರೆ ಅದು ಬಾವಲಿಗೆ ನೆರಳು."

"ನಿಮ್ಮನ್ನ ಸೋಲಿನಿಂದ ಕಾಪಾಡೋಕೆ ಹೊರಟರೆ ನನ್ನ ದಾರಿಗೇ ಅಡ್ಡ ಕೂರ್ತೀರಾ?"

ಗೆರೆಯವಳು ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. "ಒಡೆಯರೇ, ಸೋಲು ನಿಮ್ಮದಲ್ಲ, ನೀವು ತೆಗೆಯೋಕೆ," ಎಂದಳು. "ನೀವು ಇಲ್ಲದಾಗಲೂ ನಾವು ಸೋತಿದ್ದೀವಿ. ಸೋತು ಎರಡು ದಿನ ನಡೆದು ಉಪ್ಪಿನೂರಿಗೆ ಹೋಗಿದ್ದೀವಿ. ಅವರು ಗೆದ್ದರೆ ಏರಬೇಕು, ನಾವು ಸೋತರೆ ಇಳೀಬೇಕು. ಅದಿಲ್ಲದೆ ನೀವು ಗುಡ್ಡದ ಮೇಲೆ ಏನು ಬೇಕಾದರೂ ಆಡಿಕೊಳ್ಳಿ, ಅದಕ್ಕೆ ನಮ್ಮೂರಿನ ಹೆಸರು ಹಾಕಬೇಡಿ."

ಆಗ ಸಾರೋಟಿನಿಂದ ಆಟದ ನಾಯಕ ಇಳಿದ. ಬೂದಿಯಲ್ಲಿ ಅವನ ಕಾಲು ಮೊಣಕಾಲವರೆಗೆ ಇಳಿಯಿತು. ಅವನು ಉಪ್ಪಿನೂರಿನವನು. ಹಿಂದೊಮ್ಮೆ ಉಪ್ಪಿನೂರು ಏರಿ ಬಂದ ವರ್ಷ ಗಡಿಯಾರದೂರಿನ ಬಯಲಿನಲ್ಲಿ ಬರಿಗಾಲಲ್ಲಿ ಎರಡು ಗೋಲು ಹೊಡೆದಿದ್ದ. ಅದನ್ನು ಕಂಡೇ ಒಡೆಯ ಅವನನ್ನು ಕರೆತಂದಿದ್ದ. ಮಾತು ಕಡಿಮೆ. ಐದು ದಿನವೂ ಏನೂ ಹೇಳಿರಲಿಲ್ಲ. ಜನ ಅವನ ಮೇಲೆ ಸಿಟ್ಟಾಗಿದ್ದರು.

"ನನ್ನ ಕಾಲಲ್ಲಿ ಇನ್ನೂ ಉಪ್ಪಿನ ಗಾಯ ಇದೆ ಒಡೆಯರೇ," ಎಂದ ಅವನು. "ಏರೋ ದಾರಿ ಇತ್ತು ಅಂತ ನಾನು ನಿಮ್ಮ ಕಣ್ಣಿಗೆ ಬಿದ್ದೆ. ಆ ದಾರಿ ಮುಚ್ಚೋ ಗಾಡೀಲಿ ಕೂತು ಹೋದರೆ ನಮ್ಮಪ್ಪನಿಗೆ ಏನು ಹೇಳಲಿ? ನಾನು ಬರೋದಿಲ್ಲ."

"ಒಪ್ಪಿಕೊಂಡಿದ್ದೆಯಲ್ಲ?"

"ನೀವೂ ನನ್ನನ್ನ ಕೇಳಿರಲಿಲ್ಲ. ಕೂರು ಅಂದಿರಿ, ಕೂತೆ. ಅದು ನನ್ನ ತಪ್ಪು."

ಅವನ ಹಿಂದೆ ಇನ್ನೊಬ್ಬ ಇಳಿದ. ಮತ್ತೊಬ್ಬ ಇಳಿದ. ಹನ್ನೊಂದೂ ಜನ ಇಳಿದರು. ಬರಿದಾದ ಸಾರೋಟು ಬೂದಿಯಲ್ಲಿ ವಾಲಿಕೊಂಡು ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಕುದುರೆ ಸವಾರರು ಸುದ್ದಿ ತಂದರು. ಹೆಂಚಿನೂರಿನ ಬಾಗಿಲಲ್ಲೂ ಬೂದಿ ಬಿದ್ದಿದೆ, ಅಲ್ಲಿನ ಒಡೆಯ ಹಿಂದೆ ಸರಿದ. ಇನ್ನೊಂದು ಗಳಿಗೆಗೆ ನೂಲಿನೂರಿನವನು ಸರಿದ. ಬಂದರೂರಿನವನು ಮೈ ಹುಷಾರಿಲ್ಲವೆಂದು ಹೇಳಿ ಕಳಿಸಿದ. ಮೀನು ಮಾರುವವಳು ಅದನ್ನು ಕೇಳಿ, "ನಾಳೆ ಬೆಳಿಗ್ಗೆ ನಾನೇ ಹೋಗಿ ನಾಡಿ ನೋಡ್ತೀನಿ," ಎಂದಳು. ಬಿಸಿಲು ಇಳಿಯುವ ಮೊದಲು ಇನ್ನಿಬ್ಬರೂ ಸರಿದು, ಗುಡ್ಡದ ಕಡೆಗೆ ಮುಖ ಮಾಡಿದವರಲ್ಲಿ ಗಡಿಯಾರದೂರಿನ ಒಡೆಯ ಒಬ್ಬನೇ ಉಳಿದ. ಒಬ್ಬನೇ ಯಾರ ಜೊತೆ ಆಡುತ್ತಾನೆ?

ಅವನು ಕುದುರೆಯಿಂದಿಳಿದು ಕೈ ಜೋಡಿಸಿದ. ತನ್ನಿಂದ ತಪ್ಪಾಯಿತು ಎಂದ. ಜನರ ಮನಸ್ಸು ನೋಯಿಸುವ ಉದ್ದೇಶ ತನಗಿರಲಿಲ್ಲ ಎಂದ. ಮಾತುಗಳು ಚೆನ್ನಾಗಿದ್ದವು. ಮೊದಲೇ ಬರೆಸಿಟ್ಟುಕೊಂಡ ಹಾಗಿದ್ದವು.

"ಕೇಳಿಸಿತು," ಎಂದಳು ಗೆರೆಯವಳು. "ಬಯಲಿನ ಬೀಗದ ಕೈ ಊರಿಗೆ ಕೊಡಿ."

ಒಡೆಯನ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. "ಅದು ಬೇರೆ ಮಾತು," ಎಂದ. "ಬಯಲು ನನ್ನ ಹೆಸರಿನಲ್ಲಿದೆ."

ಕೀಲಿ ಅವನ ಸೊಂಟದಲ್ಲೇ ಉಳಿಯಿತು. ಜನ ಗೆದ್ದೆವೆಂದು ಕುಣಿಯಲಿಲ್ಲ. ಗೆರೆಯವಳು ಗಂಟು ಬಿಚ್ಚಿ ಸಾಮಾನನ್ನು ಮತ್ತೆ ಕೋಣೆಯೊಳಗಿಟ್ಟಳು. ಹೊರಗೆ ಹಾಕಲು ಒಡೆಯನಿಗೆ ಧೈರ್ಯ ಬರಲಿಲ್ಲ.

ಮುಂದಿನ ಆಟದ ದಿನ ಬಯಲು ತುಂಬಿತು. ಒಡೆಯ ತನ್ನ ಎತ್ತರದ ಪೀಠದಲ್ಲಿ ಬಂದು ಕೂತ ಕೂಡಲೇ ರೊಟ್ಟಿಯವನು ಎದ್ದು ಅವನಿಗೆ ಬೆನ್ನು ಮಾಡಿ ನಿಂತ. ಅವನ ಪಕ್ಕದವನು ನಿಂತ, ಅದರಾಚೆಯವನು ನಿಂತ. ಇಡೀ ಊರು ಬೆನ್ನು ಮಾಡಿ ನಿಂತಿತು. ಗೆರೆಯವಳು ಮನೆಗಳ ಹೆಸರು ಹೇಳುತ್ತ ಕೊನೆಯ ಗೆರೆ ಎಳೆದು ಮುಗಿಸುವವರೆಗೆ ಯಾರೂ ತಿರುಗಲಿಲ್ಲ. ಅದಾದ ಮೇಲೆ ಪ್ರತಿ ಆಟಕ್ಕೂ ಹಾಗೆಯೇ ಆಯಿತು. ಅದೂ ಒಂದು ಕಟ್ಟಳೆಯಾಯಿತು.

ಆ ವರ್ಷ ಉಪ್ಪಿನೂರು ಮೇಲಿನ ಸಾಲಿನಲ್ಲಿತ್ತು. ಗಡಿಯಾರದೂರಿಗೆ ಬಂದು ಆಡಿ, ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ, ಗೋಲು ಕಾಯುವವನ ಕಾಲುಗಳ ನಡುವೆ ಚೆಂಡು ತೂರಿಸಿ ಗೆದ್ದಿತು. ಅವರ ಐವತ್ತು ಮನೆಯವರು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು. ಗಡಿಯಾರದೂರಿನವರು ತಲೆಯ ಮೇಲೆ ಕೈ ಹೊತ್ತು ಕೂತರು. ಕೊನೆಗೆ ಜನ ಎದ್ದು ಹೊರಟ ಹಾಗೆ ಗೆರೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಗೆರೆಯವಳು ಖಾಲಿ ಬುಟ್ಟಿಗಳನ್ನು ಎತ್ತಿಕೊಂಡು ಹೊರಟಾಗ ಒಡೆಯ ಪೀಠದಿಂದಿಳಿದು ಎದುರು ಬಂದ.

"ನೋಡಿದೆಯಾ?" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಮರುಕವಿತ್ತು. "ನಿಮಗೆ ಈ ಸಂಕಟ ಬೇಡ ಅಂತಲೇ ನಾನು ಹೊರಟಿದ್ದು."

ಗೆರೆಯವಳ ಕಣ್ಣು ಕೆಂಪಾಗಿತ್ತು. ಅವಳು ಬುಟ್ಟಿಗಳನ್ನು ಕಂಕುಳಿಗೆ ಏರಿಸಿಕೊಂಡಳು.

"ನಿನ್ನ ಜನ ಇನ್ನೂ ಎಷ್ಟು ದಿನ ನನಗೆ ಬೆನ್ನು ತೋರಿಸ್ತಾರೆ?"

"ಆ ಕೀಲಿ ನಿಮ್ಮ ಸೊಂಟದಲ್ಲಿ ಇರೋವಷ್ಟು ದಿನ," ಎಂದಳು. "ದಾರಿ ಬಿಡಿ ಒಡೆಯರೇ. ಸೋತು ಹೊಟ್ಟೆ ಉರೀತಿದೆ, ಈಗ ನಿಮ್ಮ ಜೊತೆ ಮಾತಾಡೋಕೆ ಪುರುಸೊತ್ತಿಲ್ಲ."

ಒಡೆಯ ಪಕ್ಕಕ್ಕೆ ಸರಿದ. ಬಾಗಿಲಾಚೆ ಊರಿಗೆ ಊರೇ ಗೋಲು ಕಾಯುವವನನ್ನು ಸುತ್ತುಗಟ್ಟಿ ಬೈಯುತ್ತಿತ್ತು. ಗೆರೆಯವಳು ಬುಟ್ಟಿಗಳನ್ನು ಕೋಣೆಯ ಮುಂದೆ ಬಿಸಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರನ್ನು ಮೊಣಕೈಯಿಂದ ಸರಿಸುತ್ತ ಒಳಗೆ ನುಗ್ಗಿದಳು. ಅವನಿಗೆ ಹೇಳಬೇಕಾದ ನಾಲ್ಕು ಮಾತು ಅವಳ ಹತ್ತಿರವೂ ಇದ್ದವು.